ಕಿಲ್‌ವೊರನ್ನಿನ ಬಟ್ಟೆ ಮರ

ಕಿಲ್‌ವೊರನ್, ಐರ್ಲೆಂಡ್
11 ಫೆಬ್ರವರಿ 2024

ಪ್ರೀತಿಯ ಅಣ್ಣ, ಅತ್ತಿಗೆ,

ಫೋನಿನಲ್ಲಿ ನನ್ನ ಮುಖ ಕಂಡರೆ ಅಣ್ಣ ಅಳಲು ಶುರುಮಾಡುತ್ತಾನೆ, ಆಮೇಲೆ ಇಡೀ ದಿನ ಊಟ ಮುಟ್ಟುವುದಿಲ್ಲ ಎಂದು ಅತ್ತಿಗೆ ಹೇಳಿದ್ದಕ್ಕೆ ಈ ಕಾಗದದ ಏರ್ಪಾಡು. ಅತ್ತಿಗೆ, ಅವನ ಪಕ್ಕ ಕೂತು ಗಟ್ಟಿಯಾಗಿ ಓದಿ. ಪಾರ್ಶ್ವವಾಯು ಹೊಡೆದಾಗ ಮಾತು ಮುಕ್ಕಾಲು ಹೋಗಿರಬಹುದು, ಕಿವಿ ಎಲ್ಲಿಗೂ ಹೋಗಿಲ್ಲ.

ಅಣ್ಣ, ಡಲ್ಲಾಸ್ ಸುತ್ತಮುತ್ತ ಮೂವತ್ತು ವರ್ಷ ಸೇತುವೆ ಕಟ್ಟಿದ ನಿನಗೆ ನನ್ನ ನೆಗಡಿ, ಕೆಮ್ಮಿನ ಸುದ್ದಿ ಯಾಕೆ? ಕಲ್ಲಿನ ಸುದ್ದಿ ಬರೆಯುತ್ತೇನೆ. ನಮ್ಮ ಕಿಲ್‌ವೊರನ್ ಎಂದರೆ ಒಂದು ಬೀದಿ, ಎರಡು ಪಬ್ಬು, ಒಂದು ಚರ್ಚು. ಊರಿಗಿಂತ ಊರಿನ ಬೋರ್ಡೇ ದೊಡ್ಡದು. ಅದರ ಮೇಲೆ ‘ಪಾರಂಪರಿಕ ಗ್ರಾಮ’ ಎಂದು ಬೇರೆ ಬರೆಸಿದ್ದಾರೆ. ವಾರವೆಲ್ಲ ನರ್ಸಿಂಗ್ ಹೋಮಿನಲ್ಲಿ ದುಡಿದು, ಭಾನುವಾರ ನಾನು ಪ್ರವಾಸಿಗರಿಗೆ ಗೈಡ್ ಆಗಿ ನಿಲ್ಲುತ್ತೇನೆ. ಮೈಸೂರಿನ ಹೆಂಗಸೊಬ್ಬಳು ಐರ್ಲೆಂಡಿನ ಸಂನ್ಯಾಸಿಗಳ ಕಥೆ ಹೇಳುವುದನ್ನು ಕಂಡು ಅವರು ಗೋಪುರ ಬಿಟ್ಟು ನನ್ನನ್ನೇ ಫೋಟೋ ತೆಗೆಯುತ್ತಾರೆ.

ಆ ಗೋಪುರದ ವಿಷಯ ಕೇಳು. ಸಾವಿರ ವರ್ಷದ ದುಂಡು ಕಲ್ಲುಗೋಪುರ, ಮೇಲಿನ ಅರ್ಧ ಬಿದ್ದುಹೋಗಿದೆ. ಅದರ ಬಾಗಿಲು ನೆಲಮಟ್ಟದಲ್ಲಿಲ್ಲ, ಎರಡಾಳು ಎತ್ತರದಲ್ಲಿದೆ! ಕಳ್ಳರು ಬಂದಾಗ ಸಂನ್ಯಾಸಿಗಳು ಒಳಗೆ ಹೋಗಿ ಏಣಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದರಂತೆ. ನಾನು ಹಾಗೆ ಹೇಳುತ್ತೇನೆ. ನೀನೇನು ಹೇಳುತ್ತೀ?

ಗೋಪುರದ ಹಿಂದೆ ಪವಿತ್ರ ಬಾವಿ ಇದೆ. ಬಾವಿ ಎಂದು ಹೆಸರು, ಮೊಣಕಾಲುದ್ದದ ಒರತೆ ಅಷ್ಟೆ. ಅದರ ಮೇಲೆ ಬಾಗಿದ ಮುಳ್ಳುಮರದ ತುಂಬ ಬಟ್ಟೆ ಚೂರುಗಳು. ಕಾಯಿಲೆಯವರು ತಾವು ಉಟ್ಟ ಬಟ್ಟೆಯ ಚೂರೊಂದನ್ನು ಆ ನೀರಿನಲ್ಲಿ ಅದ್ದಿ ಕಟ್ಟುತ್ತಾರೆ. ನಮ್ಮ ಕಡೆ ಹರಕೆ ತೀರಿದ ಮೇಲೆ ಬಿಚ್ಚುತ್ತೇವಲ್ಲ, ಇಲ್ಲಿ ಬಿಚ್ಚುವ ಹಾಗಿಲ್ಲ. ಬಟ್ಟೆ ಮಳೆಗಾಳಿಗೆ ಕೊಳೆತು ಉದುರಿದ ಹಾಗೆ ಕಾಯಿಲೆಯೂ ಉದುರಬೇಕು.

ಬಂದು ನಿನ್ನನ್ನು ನೋಡುವ ಆಸೆ. ಏನು ಮಾಡಲಿ, ರಜೆ ಕೊಡುವುದಿಲ್ಲ.

ನಿನ್ನ ತಂಗಿ,
ಮೇಧಾ

*

ಲೂಯಿಸ್‌ವಿಲ್, ಟೆಕ್ಸಸ್
3 ಮಾರ್ಚ್ 2024

ಮೇಧಾ,

ನಿನ್ನ ಕಾಗದ ಓದಿದೆ. ನಿಮ್ಮಣ್ಣ ಮತ್ತೆ ಓದಿಸಿದರು, ಮತ್ತೆ ಓದಿಸಿದರು. ಗೋಪುರದ ಬಾಗಿಲಿನ ಹತ್ತಿರ ಬಂದಾಗ ಎಡಗೈ ಎತ್ತಿ ನನ್ನನ್ನು ನಿಲ್ಲಿಸಿ, ಬಹಳ ಹೊತ್ತು ತಡಕಾಡಿ, “ಬುಡ... ಗಟ್ಟಿ” ಎಂದರು. ನನಗೆ ತಲೆಬುಡ ತಿಳಿಯಲಿಲ್ಲ. ಶನಿವಾರ ಮನೀಷ್ ರೌಂಡ್ ರಾಕ್‌ನಿಂದ ಬಂದಾಗ ಕೇಳಿದೆ. “ಅಮ್ಮ, ಕೆಳಗಡೆ ಬಾಗಿಲು ಕೊರೆದ್ರೆ ವಾಲ್ ವೀಕ್ ಆಗತ್ತೆ. ಅಪ್ಪ ಈಸ್ ರೈಟ್,” ಎಂದು ಅಪ್ಪನ ಬೆನ್ನು ತಟ್ಟಿದ. ಆಮೇಲೆ ಎಂದಿನಂತೆ ಹಿತ್ತಲಿನ ಹುಲ್ಲು ಕತ್ತರಿಸಿ, ಸ್ನಾನ ಮಾಡಿ, ಹೊರಟುಹೋದ. ಒಳ್ಳೆಯ ಹುಡುಗ. ಹುಲ್ಲು ಬಹಳ ಚೆನ್ನಾಗಿ ಕತ್ತರಿಸುತ್ತಾನೆ.

ಇನ್ನು ಮುಂದೆ ನೀನು ಪ್ರವಾಸಿಗರಿಗೆ ಕಳ್ಳರ ಕಥೆ ಹೇಳಬೇಡ, ನಿಮ್ಮಣ್ಣನ ಕಥೆ ಹೇಳು.

ನಮ್ಮ ಕಡೆ ವಿಶೇಷವೇನಿಲ್ಲ. ರಾತ್ರಿ ನಾಲ್ಕೈದು ಸಲ ನನ್ನನ್ನು ಎಬ್ಬಿಸಿ “ಸೈಟಿಗೆ ಹೊತ್ತಾಯ್ತು” ಎನ್ನುತ್ತಾರೆ. ಅಷ್ಟು ಮಾತು ಮಾತ್ರ ತಡವರಿಸದೆ ಬರುತ್ತದೆ. ಎದ್ದು ಬೂಟು ಹಾಕಿಸಿ, ಬಾಗಿಲವರೆಗೆ ನಡೆಸಿ, “ಇವತ್ತು ರಜ ಕಣ್ರೀ” ಎಂದು ಹೇಳಿ, ಮತ್ತೆ ಕರೆತಂದು ಬೂಟು ಬಿಚ್ಚಬೇಕು. ಬೂಟು ಹಾಕಿಸದಿದ್ದರೆ ತಾವೇ ಹೋಗುತ್ತಾರೆ, ಬೀಳುತ್ತಾರೆ. ಅಭ್ಯಾಸವಾಗಿದೆ ಬಿಡು.

ಅಲ್ಲಿಯ ಗಾಳಿ ತಂಪಂತೆ. ಗಲಾಟೆ ಇಲ್ಲವಂತೆ. ಯಾರಾದರೂ ಸ್ವಲ್ಪ ದಿನ ಸುಮ್ಮನೆ ಇದ್ದು ಬರಬೇಕೆಂದರೆ ಅನುಕೂಲ ಇದೆಯೇ? ಸುಮ್ಮನೆ ಕೇಳಿದೆ. ನಿನಗೆ ರಜೆ ಇಲ್ಲ, ಗೊತ್ತು.

ಅಹಲ್ಯಾ

*

ಕಿಲ್‌ವೊರನ್
20 ಮಾರ್ಚ್ 2024

ಪ್ರೀತಿಯ ಅಣ್ಣ, ಅತ್ತಿಗೆ,

“ಬುಡ ಗಟ್ಟಿ” ಎಂಬ ಎರಡು ಮಾತಿಗೆ ನಮ್ಮ ಪರಂಪರೆ ಸಮಿತಿಯೇ ಅಲ್ಲಾಡಿದೆ. ಸಮಿತಿಯ ಯಜಮಾನಿ ನೋರಾ ಎಪ್ಪತ್ತೈದರ ಮುದುಕಿ. ನಲವತ್ತು ವರ್ಷದಿಂದ ಏಣಿಯ ಕಥೆ ಹೇಳಿಕೊಂಡು ಬಂದವಳು. ನಾನು ಅಣ್ಣನ ಮಾತು ಹೇಳಿದಾಗ ಮುಖ ಊದಿಸಿಕೊಂಡು, “ನಿಮ್ಮಣ್ಣ ಎಂಜಿನಿಯರ್ ಇರಬಹುದು, ಆದರೆ ಕಳ್ಳರು ಕೂಡ ಇದ್ದರು” ಎಂದಳು. ಈಗ ಇಬ್ಬರೂ ಒಂದೊಂದು ಕಥೆ ಹೇಳುತ್ತಿದ್ದೇವೆ.

ನೀವು ಬರುವ ಯೋಚನೆ ಮಾಡಿದ್ದು ತುಂಬ ಸಂತೋಷ. ಜೊತೆಗೆ ಊರಿನ ಕರಪತ್ರ ಇಟ್ಟಿದ್ದೇನೆ. ಹಿಂದುಗಡೆ ಮೂರು ವಸತಿಮನೆಗಳ ನಂಬರ್ ಇದೆ. ಆದರೆ ನಿಜ ಹೇಳಬೇಕೆಂದರೆ ಈ ಊರು ಅಣ್ಣನ ಕಾಲಿಗೆ ಆಗುವಂಥದ್ದಲ್ಲ. ಗೋಪುರದ ದಾರಿ ಕೆಸರು, ನೀರಿನ ಗಿರಣಿಗೆ ಇಳಿಯುವ ಮೆಟ್ಟಿಲು ಜಾರುತ್ತವೆ. ಅವನನ್ನು ಕರೆದುಕೊಂಡು ಬಂದು ನೀವು ಒದ್ದಾಡುವುದಕ್ಕಿಂತ ಮನೆಯಲ್ಲಿ ನೆಮ್ಮದಿಯಾಗಿರುವುದು ಮೇಲು.

ಆ ಗಿರಣಿಯ ಬಗ್ಗೆ ಬರೆಯುತ್ತೇನೆ. ಓಟ್ಸ್ ಬೀಸುತ್ತಿದ್ದ ಗಿರಣಿ. ಚಕ್ರಕ್ಕೆ ಕೆಳಗಿನಿಂದ ನೀರು ತಾಗುತ್ತದೋ, ಮೇಲಿನಿಂದ ಬೀಳುತ್ತದೋ, ಅಣ್ಣನೇ ಹೇಳಲಿ. ಹಳ್ಳ ಚಪ್ಪಟೆ, ಇಳಿಜಾರು ಬಹಳ ಕಡಿಮೆ. ಇದು ಅವನಿಗೆ ಪರೀಕ್ಷೆ.

ಮೇಧಾ

*

ಲೂಯಿಸ್‌ವಿಲ್
14 ಏಪ್ರಿಲ್ 2024

ಮೇಧಾ,

ಕರಪತ್ರ ಬಂತು. ಚಿತ್ರಗಳು ಚೆನ್ನಾಗಿವೆ. ವಸತಿಮನೆಯ ಚಿತ್ರದಲ್ಲಿ ಹಾಸಿಗೆಯ ಮೇಲೆ ಬಿಳಿ ಹೊದಿಕೆ ಮಡಚಿ ಇಟ್ಟಿದ್ದಾರಲ್ಲ, ಅದನ್ನು ನೋಡುತ್ತ ಕೂತಿದ್ದೆ. ನಾವು ಬರುವುದಿಲ್ಲ. ಬರುತ್ತೇವೆ ಎಂದು ನಾನು ಬರೆದಿರಲಿಲ್ಲವಲ್ಲ.

ಚಕ್ರದ ಪ್ರಶ್ನೆಗೆ ನಿಮ್ಮಣ್ಣ ಬೆರಳನ್ನು ಕೆಳಗೆ ತೋರಿಸಿದರು. ಸರಿಯೋ ತಪ್ಪೋ ಬರೆ, ದಿನವೂ ಕೇಳುತ್ತಾರೆ.

ಯುಗಾದಿಗೆ ರಿಚರ್ಡ್‌ಸನ್‌ನಲ್ಲಿ ಕನ್ನಡದವರ ಊಟ ಇತ್ತು. ಹೋಗಲಿಲ್ಲ. ಒಬ್ಬಟ್ಟು ತಂದುಕೊಟ್ಟರು. “ಆಂಟಿ, ನೀವು ಗ್ರೇಟ್, ಅಂಕಲ್‌ನ ಎಷ್ಟು ಚೆನ್ನಾಗಿ ನೋಡ್ಕೊತೀರ” ಎಂದು ಬಾಗಿಲಲ್ಲೇ ಹೊಗಳಿ ಹೋದರು. ಹೊಗಳಿಕೆ ಕೇಳಿದರೆ ಈಚೆಗೆ ಕೋಪ ಬರುತ್ತದೆ, ಯಾಕೋ ಗೊತ್ತಿಲ್ಲ.

ಮೊನ್ನೆ ಒಂದು ತಮಾಷೆ ಆಯಿತು. ಔಷಧಿ ತರಲು ಡ್ರೈವ್ ಮಾಡಿಕೊಂಡು ಹೋಗಿದ್ದೆ. ಕೆಂಪು ದೀಪಕ್ಕೆ ನಿಲ್ಲಿಸಿದವಳು ಹಾಗೇ ನಿದ್ದೆ ಹೋಗಿಬಿಟ್ಟಿದ್ದೇನೆ! ಹಿಂದಿನವರೆಲ್ಲ ಹಾರ್ನ್ ಹೊಡೆದಾಗಲೇ ಎಚ್ಚರ. ನಗು ಬಂತು.

ಇವರ ಶರಟಿನಿಂದ ಒಂದು ಚೂರು ಕತ್ತರಿಸಿ ಇಟ್ಟಿದ್ದೇನೆ. ಆಫೀಸಿಗೆ ಹಾಕುತ್ತಿದ್ದ ಒಳ್ಳೆಯ ಶರಟು, ಇವತ್ತಿಗೂ ಬಣ್ಣ ಹೋಗಿಲ್ಲ. ನಿನ್ನ ಬಟ್ಟೆ ಮರಕ್ಕೆ ಕಟ್ಟು. ನಂಬಿಕೆ ಎಂದಲ್ಲ. ಎಲ್ಲ ಮಾಡಿ ಆಯಿತಲ್ಲ, ಇದೊಂದು ಯಾಕೆ ಬಿಡಬೇಕು ಎಂದು.

ಅಹಲ್ಯಾ

*

ಕಿಲ್‌ವೊರನ್
3 ಮೇ 2024

ಪ್ರೀತಿಯ ಅಣ್ಣ, ಅತ್ತಿಗೆ,

ಅಣ್ಣ ಪಾಸು. ಕೆಳಗಿನಿಂದಲೇ ನೀರು. ನೋರಾ “ಬೆರಳಲ್ಲಿ ಹೇಳಿದನೇ?” ಎಂದು ಬಾಯಿ ಬಿಟ್ಟಳು.

ಅತ್ತಿಗೆ, ನೀವು ಕಳಿಸಿದ ಚೂರು ಹಿಡಿದು ಭಕ್ತಿಯಿಂದ ಹೋದೆ. ನೀರಿನಲ್ಲಿ ಅದ್ದಿದರೆ ಅದು ನೆನೆಯಲೇ ಇಲ್ಲ, ನೀರು ಮುತ್ತಿನ ಹಾಗೆ ಉರುಳಿಹೋಯಿತು! ನೋರಾ ಬಂದು ಬೆರಳಲ್ಲಿ ಉಜ್ಜಿ ನೋಡಿ, “ಇದು ಪಾಲಿಯೆಸ್ಟರ್, ಕಟ್ಟಲು ಬಿಡುವುದಿಲ್ಲ” ಎಂದಳು. ಪ್ರವಾಸಿಗರು ನೈಲಾನ್ ರಿಬ್ಬನ್ನು, ಪ್ಲಾಸ್ಟಿಕ್ಕು ಕಟ್ಟಿ ಮರದ ಕೊಂಬೆಗಳೇ ಒಣಗಿವೆಯಂತೆ. ಈಗ ಹತ್ತಿ, ಉಣ್ಣೆ, ನಾರು ಮಾತ್ರ. “ಇಸ್ತ್ರಿಯೇ ಬೇಡದ ಶರಟು ಕೊಳೆಯುವುದು ಯಾವಾಗ, ಕಾಯಿಲೆ ಹೋಗುವುದು ಯಾವಾಗ? ಇನ್ನೂರು ವರ್ಷ ನಿಮ್ಮಣ್ಣ ಮಂಚದಲ್ಲೇ ಇರಬೇಕಾ?” ಎಂದು ನನಗೇ ಬೈದಳು. ಬಟ್ಟೆ ಬಾಳಿಕೆ ಬರಬೇಕು ಎಂದು ಅಂಗಡಿಯವನ ತಲೆ ತಿನ್ನುವ ನಮ್ಮ ಜನಕ್ಕೆ ಬೇಗ ಕೊಳೆಯುವ ಬಟ್ಟೆ ಹರಕೆಗೆ ಬೇಕು ಎಂದು ಎಲ್ಲಿ ಹೊಳೆಯಬೇಕು!

ಹತ್ತಿಯದು ಕಳಿಸಿ. ಹಳೆಯದಾದಷ್ಟೂ ಒಳ್ಳೆಯದು.

ಸಿಗ್ನಲ್ಲಿನಲ್ಲಿ ನಿದ್ದೆ ಮಾಡಿದ್ದು ಓದಿ ನಾನೂ ನಕ್ಕೆ. ನಮ್ಮ ಮನೆಗೆ ಸೊಸೆಯಾಗಿ ಬಂದಾಗಿನಿಂದ ನೀವು ಕೂತಲ್ಲೇ ತೂಕಡಿಸುವವರೇ.

ಮೇಧಾ

*

ಲೂಯಿಸ್‌ವಿಲ್
25 ಮೇ 2024

ಮೇಧಾ,

ಹತ್ತಿ ಬಟ್ಟೆ ಇಟ್ಟಿದ್ದೇನೆ. ಕಟ್ಟು.

ಮನೀಷ್ ಬಂದಿದ್ದ. “ಅಮ್ಮ, ಗುಡ್ ಪ್ಲೇಸಸ್ ಇದಾವೆ. ಅಪ್ಪನ್ನ ಅಲ್ಲಿ ಬಿಟ್ರೆ ಟ್ವೆಂಟಿ ಫೋರ್ ಅವರ್ಸ್ ನೋಡ್ಕೊತಾರೆ” ಎಂದ. ನಿಮ್ಮಣ್ಣ ಕೇಳಿಸಿಕೊಂಡರು. ಅವತ್ತಿನಿಂದ ನಾನು ಬಚ್ಚಲಿಗೆ ಹೋದರೂ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ನಾನು ಎಲ್ಲೂ ಬಿಡುವುದಿಲ್ಲ ಎಂದು ದಿನಕ್ಕೆ ಎಷ್ಟು ಸಲ ಹೇಳಿದರೂ ಸಾಲದು.

ಬಿಸಿಲು ಶುರುವಾಗಿದೆ. ಮತ್ತೇನೂ ವಿಶೇಷವಿಲ್ಲ.

ಅಹಲ್ಯಾ

*

ಕಿಲ್‌ವೊರನ್
9 ಜೂನ್ 2024

ಅತ್ತಿಗೆ,

ಇದನ್ನು ಅಣ್ಣನಿಗೆ ಓದಬೇಡಿ. ಅವನಿಗೆ ಬೇರೆ ಹಾಳೆಯಲ್ಲಿ ಸುಣ್ಣದ ಗೂಡಿನ ಬಗ್ಗೆ ಬರೆದಿದ್ದೇನೆ, ಅದು ಸಾಕು.

ಆ ಬಟ್ಟೆ ಅಣ್ಣನದಲ್ಲ. ಹಸಿರು ಚೌಕಳಿ, ನಡುವೆ ಸಾಸಿವೆ ಬಣ್ಣದ ಗೆರೆ. ನಿಮ್ಮ ಅರವತ್ತಕ್ಕೆ ಗಾಂಧಿ ಬಜಾರಿನಲ್ಲಿ ನಾಲ್ಕು ಅಂಗಡಿ ಹತ್ತಿಳಿದು ನಾನೇ ಆರಿಸಿ ಕಳಿಸಿದ ಸೀರೆ. ಅದರ ಮೇಲೆ ರಾಗಿ ಗಂಜಿಯ ಕಲೆ ಇದೆ.

ಅತ್ತಿಗೆ, ಬಾವಿಯ ಹತ್ತಿರ ಕೂತು ಅತ್ತುಬಿಟ್ಟೆ. ಆಮೇಲೆ ಕೋಪ ಬಂತು. ಮಾರ್ಚಿನಿಂದ ನೀವು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿರಿ. “ಅನುಕೂಲ ಇದೆಯೇ” ಎಂದು ಕೇಳಿದಿರಿ. ನಾನು ಕರಪತ್ರ ಕಳಿಸಿದೆ! ಸಿಗ್ನಲ್ಲಿನಲ್ಲಿ ನಿದ್ದೆ ಹೋದೆ ಎಂದಿರಿ. ಜೀವಮಾನವಿಡೀ ನರ್ಸ್ ಆಗಿದ್ದವಳು ಅದನ್ನು ಓದಿ ನಕ್ಕೆ. ಬೇರೆ ಯಾರ ಮನೆಯವರು ಹೇಳಿದ್ದರೂ ಕಾರಿನ ಕೀಲಿ ಕಿತ್ತುಕೊಳ್ಳುತ್ತಿದ್ದೆ. ಅತ್ತಿಗೆ ಎಂದರೆ ಸುಸ್ತಾಗದ ಪ್ರಾಣಿ ಎಂದು ನಾವೆಲ್ಲ ಯಾವಾಗ ತೀರ್ಮಾನ ಮಾಡಿದೆವೋ!

ನನ್ನದೂ ಕೇಳಿ. ನರ್ಸಿಂಗ್ ಹೋಮು ಕಳೆದ ನವೆಂಬರಿನಲ್ಲೇ ಮುಚ್ಚಿತು. ನನಗೆ ದಿನವೂ ರಜೆಯೇ. ಹೇಳಿದರೆ “ಹಾಗಾದರೆ ಬಾ” ಎನ್ನುತ್ತೀರಿ, ಮನಸ್ಸಿಲ್ಲದೆ ಎನ್ನುತ್ತೀರಿ ಎಂದುಕೊಂಡೆ. ಮೂರು ವರ್ಷದ ಹಿಂದೆ ಬಂದಾಗ ನೀವು ನನ್ನನ್ನು ಅಡುಗೆಮನೆಗೆ ಕಾಲಿಡಲು ಬಿಡಲಿಲ್ಲ. ಒಂದು ಲೋಟ ತೊಳೆಯಲು ಬಿಡಲಿಲ್ಲ. “ನೀನು ಕೂತ್ಕೊ, ನಾನು ಮಾಡ್ತೀನಿ” ಎಂದಿರಿ, ಹೊರಡುವವರೆಗೂ ಅದನ್ನೇ ಅಂದಿರಿ. ನನ್ನ ಕೈ ನಿಮಗೆ ಬೇಡ ಎಂದು ತಿಳಿದುಕೊಂಡು ವಾಪಸು ಬಂದೆ. ನಾನು ಕೂತು ಉಣ್ಣಲಿ ಎಂಬ ಪ್ರೀತಿ ಅದು ಎಂದು ಈಗ ಹೊಳೆಯುತ್ತಿದೆ, ಮರ ನೋಡುತ್ತ ಕೂತ ಮೇಲೆ.

ಸೀರೆಯ ಚೂರನ್ನು ಕಟ್ಟಿದ್ದೇನೆ. ಆದರೆ ಅದು ಕೊಳೆಯುವವರೆಗೆ ಕಾಯುವ ತಾಳ್ಮೆ ನನಗಿಲ್ಲ. ಜುಲೈ ಹದಿನಾಲ್ಕಕ್ಕೆ ಡಲ್ಲಾಸಿಗೆ ಬರುತ್ತೇನೆ. ಒಂದು ವಾರ ನನಗೆ ಎಲ್ಲ ತೋರಿಸಿಕೊಡಿ. ಆಮೇಲೆ ನೀವು ಇಲ್ಲಿಗೆ ಬಂದು ನನ್ನ ಮನೆಯಲ್ಲಿರಿ. ನಿಮ್ಮ ಟಿಕೆಟ್ಟೂ ಆಗಿದೆ, ಸೆಪ್ಟೆಂಬರ್ ಒಂದಕ್ಕೆ ವಾಪಸು. ಬೇಡ ಎಂದು ಬರೆಯಬೇಡಿ. ಕಾಗದ ನನ್ನ ಕೈಗೆ ಸಿಗುವ ಹೊತ್ತಿಗೆ ನಾನು ನಿಮ್ಮ ಬಾಗಿಲಲ್ಲಿರುತ್ತೇನೆ.

ಮೇಧಾ

*

ಲೂಯಿಸ್‌ವಿಲ್
4 ಆಗಸ್ಟ್ 2024

ಅತ್ತಿಗೆ,

ನೀವು ಫೋನ್ ಮಾಡಬೇಡಿ, ನಾನೂ ಮಾಡುವುದಿಲ್ಲ ಎಂದು ನಾನೇ ಕಟ್ಟಳೆ ಮಾಡಿದ್ದು. ಅದಕ್ಕೇ ಬರೆಯುತ್ತಿದ್ದೇನೆ. ಅಣ್ಣ ಚೆನ್ನಾಗಿದ್ದಾನೆ. ಮೊದಲು ಅದನ್ನು ಓದಿಕೊಳ್ಳಿ.

ನೀವು ವಿಮಾನ ಹತ್ತಿದ ದಿನದಿಂದ ಅವನು ಪ್ರತಿ ಸಂಜೆ ಗರಾಜಿನ ಬಾಗಿಲ ಕಡೆ ಮುಖ ಮಾಡಿ ಕೂರುತ್ತಾನೆ. ಅದಕ್ಕಿಂತ ಹೆಚ್ಚು ಬರೆದರೆ ನೀವು ಓಡಿ ಬರುತ್ತೀರಿ, ಬರೆಯುವುದಿಲ್ಲ.

ನನ್ನ ವಿಷಯ ಬರೆಯುತ್ತೇನೆ. ನರ್ಸ್ ನಾನು, ನನಗೇನು ಎಂದುಕೊಂಡು ಬಂದೆ. ರೋಗಿಗಳ ಮನೆಯವರಿಗೆ ತಾಳ್ಮೆಯ ಪಾಠ ಹೇಳುತ್ತಿದ್ದವಳು ನಾನು; ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ನರ್ಸಿಂಗ್ ಹೋಮಿನಲ್ಲಿ ಪಾಳಿ ಮುಗಿದರೆ ಬಾಗಿಲೆಳೆದುಕೊಂಡು ಮನೆಗೆ ಹೋಗುತ್ತಿದ್ದೆ. ಇಲ್ಲಿ ಬಾಗಿಲೆಳೆದುಕೊಂಡರೂ ಒಳಗೇ ಇರುತ್ತೇನೆ. ಮೊನ್ನೆ ಬೂಟಿನ ದಾರ ಕಟ್ಟುವಾಗ “ಎಷ್ಟು ಸಲ ಅಣ್ಣಾ!” ಎಂದು ಕಿರುಚಿಬಿಟ್ಟೆ. ಅವನು ಹೆದರಿ ಕಾಲು ಹಿಂದೆಳೆದುಕೊಂಡ. ನಾನು ನೆಲದಲ್ಲಿ ಕೂತೇ ಇದ್ದೆ. ನೀವು ಎರಡು ವರ್ಷ ಹೀಗೆ ಇದ್ದಿರಾ? ಅಷ್ಟಾದರೂ ಕಾಗದದಲ್ಲಿ “ವಿಶೇಷವಿಲ್ಲ” ಎಂದು ಬರೆದಿರಾ?

ಮನೀಷ್ ಬಂದು ಹುಲ್ಲು ಕತ್ತರಿಸಲು ಹೊರಟ. “ಹುಲ್ಲು ಬೆಳೀಲಿ ಕಣೋ, ಇವತ್ತು ರಾತ್ರಿ ನಿಮ್ಮಪ್ಪನ ಹತ್ರ ನೀನು ಮಲ್ಕೊ” ಎಂದೆ. ಮುಖ ಸಣ್ಣದಾಯಿತು. “ಅತ್ತೆ, ಐ ಡೋಂಟ್ ನೋ ಹೌ” ಎಂದ. ಪಾಪ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ನೀವು ಅವನಿಗೂ “ನೀನು ಕೂತ್ಕೊ” ಎಂದೇ ಹೇಳಿರಬೇಕು. ಮಲಗಿದ. ಬೆಳಗಿನ ಕಾಫಿ ಹೊತ್ತಿಗೆ ಕಣ್ಣು ಕೆಂಪಾಗಿತ್ತು. “ಅಮ್ಮ ಡಸ್ ದಿಸ್ ಎವ್ರಿ ನೈಟ್?” ಎಂದು ಕೇಳಿದ. ಈ ಶನಿವಾರ ಹೇಳದೆಯೇ ಬಂದು ಮಲಗಿದ.

ನೋರಾ ನಿಮಗೆ ಗೋಪುರ ತೋರಿಸಿದಳೇ? ಬಾವಿ, ಗಿರಣಿ ನೋಡಿದಿರೇ? ಬರೆಯಿರಿ, ಅಣ್ಣನಿಗೆ ಓದಿ ಹೇಳುತ್ತೇನೆ.

ಮೇಧಾ

*

ಕಿಲ್‌ವೊರನ್
15 ಆಗಸ್ಟ್ 2024

ಮೇಧಾ,

ನಾನು ಏನೂ ನೋಡಿಲ್ಲ.

ನೋರಾ ಮೂರು ಸಲ ಬಂದು ಬಾಗಿಲು ತಟ್ಟಿದಳು. ಎರಡು ಸಲ ನನಗೆ ಕೇಳಿಸಲೇ ಇಲ್ಲ. ಮೂರನೆಯ ಸಲ ಎದ್ದು ಬಾಗಿಲು ತೆಗೆದಾಗ ನನ್ನ ಮುಖ ನೋಡಿ, ತಂದಿದ್ದ ಬ್ರೆಡ್ಡನ್ನು ಕೈಗಿಟ್ಟು, “ಗೋಪುರ ಸಾವಿರ ವರ್ಷದಿಂದ ನಿಂತಿದೆ, ನಿಮಗೋಸ್ಕರ ಇನ್ನೂ ಒಂದು ವಾರ ನಿಲ್ಲುತ್ತದೆ” ಎಂದು ಹೊರಟುಹೋದಳು. ನಿನ್ನ ಕಿಟಕಿಯಿಂದ ಅದರ ತುದಿ ಕಾಣುತ್ತದೆ. ಮಲಗಿದಲ್ಲಿಂದ ಕಂಡಷ್ಟೇ ಸಾಕಾಗಿದೆ. ಮಳೆ ಬರುತ್ತದೆ, ನಿಲ್ಲುತ್ತದೆ. ನಾನು ಮತ್ತೆ ಮಲಗುತ್ತೇನೆ. ಇಷ್ಟು ನಿದ್ದೆ ಮೈಯೊಳಗೆ ಎಲ್ಲಿ ಕೂತಿತ್ತೋ.

ಒಂದು ಮಾತು ಬರೆಯಬೇಕು, ಬರೆಯಲು ನಾಚಿಕೆ. ಮಂಗಳವಾರ ಮಧ್ಯಾಹ್ನವೆಲ್ಲ ನನಗೆ ನಿಮ್ಮಣ್ಣನ ನೆನಪೇ ಬರಲಿಲ್ಲ. ಸಾರು ಮಾಡಿದೆ, ಉಂಡೆ, ತಟ್ಟೆ ತೊಳೆದೆ, ಕಿಟಕಿಯಲ್ಲಿ ಕೂತೆ. ಸಂಜೆ ನೆನಪಾದಾಗ ದಡಬಡಿಸಿ ಎದ್ದು ನಿಂತೆ. ಯಾರನ್ನೋ ಅಂಗಡಿಯಲ್ಲಿ ಬಿಟ್ಟು ಬಂದ ಹಾಗೆ. ಅಷ್ಟೇ ಬೇಗ ಇನ್ನೊಂದೂ ಅನಿಸಿತು. ಮರೆತಿದ್ದಾಗ ಸುಖವಾಗಿತ್ತು ಮೇಧಾ. ಅವರು ನನಗೆ ಬೇಡವೆಂದಲ್ಲ. ನನಗೆ ನಾನೂ ಸ್ವಲ್ಪ ಬೇಕಾಗಿತ್ತು.

ನೀನು ಕಿರುಚಿದೆ ಎಂದು ಬರೆದಿದ್ದೀಯ. ನಾನು ಕಿರುಚುವುದಿಲ್ಲ. ಬಟ್ಟೆ ಒಗೆಯುವ ಮಷಿನ್ ಹಾಕಿ ಅದರ ಸದ್ದಿನಲ್ಲಿ ಅಳುತ್ತೇನೆ. ನೀನು ಮಾಡಿದ್ದೇ ಮೇಲು, ಮುಗಿದಾದರೂ ಹೋಗುತ್ತದೆ. ಮನೀಷ್ ರಾತ್ರಿ ಮಲಗಿದ್ದನ್ನು ಮತ್ತೆ ಮತ್ತೆ ಓದಿದೆ.

ಈಗ ಕೇಳು. ನಾನು ಸೆಪ್ಟೆಂಬರ್ ಒಂದಕ್ಕೆ ಬರುವುದಿಲ್ಲ. ನಿನ್ನನ್ನು ಕೇಳದೆಯೇ ಟಿಕೆಟ್ಟನ್ನು ಅಕ್ಟೋಬರಿಗೆ ಮುಂದೆ ಹಾಕಿಸಿದ್ದೇನೆ. ನಿನಗೆ ಸುಸ್ತಾಗಿದೆ ಎಂದು ಗೊತ್ತಿದ್ದೂ ಹಾಕಿಸಿದೆ. ಮದುವೆಯಾಗಿ ಬಂದ ಮೇಲೆ ಯಾರನ್ನೂ ಕೇಳದೆ ನನಗೋಸ್ಕರ ಮಾಡಿದ ಕೆಲಸ ಇದೊಂದೇ. ಬೈಯಬೇಕೆಂದರೆ ಬೈಯಿ, ಬೈಸಿಕೊಳ್ಳುತ್ತೇನೆ. ಆದರೆ ಬರುವುದಿಲ್ಲ.

ಅಹಲ್ಯಾ

*

ಲೂಯಿಸ್‌ವಿಲ್
27 ಆಗಸ್ಟ್ 2024

ಅತ್ತಿಗೆ,

ಕಾಗದ ಓದಿ ಮನಸಾರೆ ಬೈದೆ. ಮನೀಷ್ ಎದುರಿಗೇ ಬೈದೆ. ನನಗೆ ಸೊಂಟ ನೋವು, ನಿದ್ದೆ ಇಲ್ಲ, ಈ ಊರಿನ ಬಿಸಿಲಿಗೆ ತಲೆ ಸಿಡಿಯುತ್ತದೆ. ಇನ್ನೊಂದು ತಿಂಗಳು ಎಂದರೆ ನಿಜಕ್ಕೂ ಅಳು ಬಂತು. ಸುಳ್ಳು ಹೇಳಿ ನಿಮ್ಮನ್ನು ಸಂತೋಷಪಡಿಸುವ ಕಾಲ ಮುಗಿಯಿತು ನೋಡಿ.

ಬೈದು ಮುಗಿಸಿ ಅಣ್ಣನಿಗೆ ಊಟ ಮಾಡಿಸಲು ಕೂತೆ. ಅವನು ಗರಾಜಿನ ಬಾಗಿಲು ನೋಡುತ್ತಿದ್ದ. ಇಷ್ಟು ದಿನ ಸುಮ್ಮನೆ ನೋಡುತ್ತಿದ್ದವನು ನನ್ನ ಕಡೆ ತಿರುಗಿ, ತುಟಿ ಕೂಡಿಸಿ, ಬಿಟ್ಟು, ಮತ್ತೆ ಕೂಡಿಸಿ, “ಅಹಲ್ಯಾ?” ಎಂದ.

ಐರ್ಲೆಂಡ್ ಎಂದರೆ ದೂರ ಎಂದು ಹೆದರುತ್ತಾನೆ, ಅಕ್ಟೋಬರ್ ಎಂದರೆ ಲೆಕ್ಕ ಸಿಗುವುದಿಲ್ಲ. ನಿಮ್ಮ ಕಾಗದದಲ್ಲಿದ್ದದ್ದನ್ನೇ ಹೇಳಿದೆ. “ಅತ್ತಿಗೆ ಮಲಗಿದ್ದಾರೆ ಅಣ್ಣ” ಎಂದೆ.

ಅವನು ತಟ್ಟೆಯನ್ನು ಸದ್ದಾಗದಂತೆ ಪಕ್ಕಕ್ಕೆ ಸರಿಸಿದ. ಆಮೇಲೆ ಎಡಗೈ ಬೆರಳನ್ನು ಬಾಯಿಗೆ ಅಡ್ಡ ಹಿಡಿದು, ಮೆಲ್ಲಗೆ, ಒಂದಿಷ್ಟೂ ತಡವರಿಸದೆ, “ಎಬ್ಬಿಸ್ಬೇಡ” ಎಂದ.

ಮೇಧಾ